ದೋಣಿಯಿಲ್ಲದೆ ಡೆಲ್ಟಾದ ಬಾಸ್: ಏರಿಯ ಮೇಲಿಂದ ನಾನು ಗಾಳ ಹಾಕುವ ಬಗೆ

ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಕಡಲು ಸೇರುವ ಮುಂಚೆ ನೂರಾರು ಕಾಲುವೆಗಳಾಗಿ ಹೆಣೆದುಕೊಳ್ಳುವ ಜಾಗ ಕ್ಯಾಲಿಫೋರ್ನಿಯಾ ಡೆಲ್ಟಾ. ಕಾಲುವೆಗಳ ನಡುವಿನ ದ್ವೀಪಗಳಲ್ಲಿ ಬಹುಪಾಲು ಹೊಲ. ಎಷ್ಟೋ ಹೊಲಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ, ಅದಕ್ಕೇ ಸುತ್ತಲೂ ಸುಮಾರು 1,100 ಮೈಲಿ ಉದ್ದದ ಏರಿಗಳು. ಫ್ರೀಮಾಂಟ್, ಟ್ರೇಸಿ, ಮೌಂಟನ್ ಹೌಸ್ ಕಡೆ ಇರುವ ನಮ್ಮವರಿಗೆ ವಾರಾಂತ್ಯದ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಷ್ಟು ಹತ್ತಿರ. ಇಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ಸಿಹಿನೀರಿನ ಬೇಟೆಮೀನು ಹಿಡಿಯಲು ದೋಣಿ ಬೇಕೇ ಬೇಕು ಎನ್ನುವವರು ಬಹಳ ಜನ. ನಾನು ಒಪ್ಪುವುದಿಲ್ಲ. ದೋಣಿಯವನು ಮೀನು ಇದ್ದಲ್ಲಿಗೆ ಹೋಗುತ್ತಾನೆ. ದಡದಲ್ಲಿ ನಿಂತವನಿಗೆ ಮೀನು ತನ್ನ ಕಾಲಬುಡಕ್ಕೆ ಬರುವ ಹೊತ್ತು ಗೊತ್ತಿದ್ದರೆ ಸಾಕು.

ಆ ಹೊತ್ತನ್ನು ಹೇಳುವುದು ಉಬ್ಬರವಿಳಿತ. ಡೆಲ್ಟಾದ ನೀರು ಸಿಹಿಯಾದರೂ ಏರಿಳಿತ ಕಡಲಿನದೇ: ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಮೊಬೈಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾಯಾದ ಗೋಲ್ಡನ್ ಗೇಟ್‌ನ ಸಮಯ ನೋಡಿಕೊಂಡು ಹೊರಟರೆ ಕೆಟ್ಟಿರಿ. ಅಲ್ಲಿಯ ಉಬ್ಬರ ಒಳನಾಡಿಗೆ ಮುಟ್ಟಲು ಗಂಟೆಗಟ್ಟಲೆ ಬೇಕು. ಆಂಟಿಯಾಕ್‌ಗೆ ಒಂದು ಲೆಕ್ಕ, ಇನ್ನೂ ಒಳಗಿರುವ ಸ್ಟಾಕ್ಟನ್‌ಗೆ ಬೇರೆಯೇ ಲೆಕ್ಕ. ನೀವು ನಿಲ್ಲುವ ಜಾಗಕ್ಕೆ ಹತ್ತಿರದ ಉಬ್ಬರವಿಳಿತ ಕೇಂದ್ರದ ಸಮಯಪಟ್ಟಿಯನ್ನೇ ನೋಡಬೇಕು.

ನೀರು ತುಂಬಿದಾಗ ಬಾಸ್ ಟ್ಯೂಲಿ ಎಂಬ ಜೊಂಡಿನ ಒಳಕ್ಕೆ ನುಗ್ಗುತ್ತದೆ. ಅಲ್ಲಿ ಅದಕ್ಕೆ ಏಡಿ, ಸೀಗಡಿ, ಮರಿಮೀನು ಎಲ್ಲವೂ ಸಿಗುತ್ತದೆ, ನಿಮ್ಮ ಲೂರ್ (ಕೃತಕ ಎರೆ) ಮಾತ್ರ ಅಲ್ಲಿಗೆ ತಲುಪುವುದಿಲ್ಲ. ನೀರು ಇಳಿಯತೊಡಗಿದಾಗ ಜೊಂಡಿನ ಬುಡ ಬರಿದಾಗುತ್ತದೆ, ಮರಿಮೀನುಗಳು ಹೊರಬರಲೇಬೇಕು, ಬಾಸ್ ಅಂಚಿನಲ್ಲಿ ಹರಿವಿಗೆ ಮುಖ ಮಾಡಿ ಕಾಯುತ್ತದೆ. ದಡದಿಂದ ಹಿಡಿಯುವವನಿಗೆ ಇಳಿತದ ನಡುಭಾಗದಿಂದ ಕೊನೆಯವರೆಗಿನ ಎರಡು ಮೂರು ಗಂಟೆಗಳೇ ಬಂಗಾರ. ಪೂರ್ತಿ ಇಳಿದು ಹರಿವು ನಿಂತ ಹೊತ್ತಿನಲ್ಲಿ ನಾನು ಕಾಫಿ ಕುಡಿಯುತ್ತೇನೆ. ಮತ್ತೆ ಉಬ್ಬರ ಶುರುವಾದ ಮೊದಲ ಗಂಟೆ ಕಲ್ಲುದಡಗಳಲ್ಲಿ ಇನ್ನೊಂದು ಅವಕಾಶ. ತುಂಬು ಉಬ್ಬರದಲ್ಲಿ ಹೊಸಬರು ಹೋಗದಿದ್ದರೇ ಒಳ್ಳೆಯದು.

ಎಲ್ಲಿ ನಿಲ್ಲಬೇಕು? ಏರಿಗಳಲ್ಲಿ ಬಹುಪಾಲು ಖಾಸಗಿಯವರದು. ಫಲಕ ಕಂಡರೆ ಒಳಗೆ ಕಾಲಿಡಬೇಡಿ. ಓಕ್ಲಿಯ ಬಿಗ್ ಬ್ರೇಕ್‌ನಲ್ಲಿ ಮೀನು ಹಿಡಿಯಲೆಂದೇ ಕಟ್ಟಿದ ಅಟ್ಟಣೆಯಿದೆ. ಬ್ರಾನನ್ ಐಲೆಂಡ್ ರಾಜ್ಯ ಉದ್ಯಾನದಲ್ಲಿ ಉದ್ದದ ದಡವಿದೆ. ಎಲ್ಲೇ ಆಗಲಿ, ನೇರವಾದ ದಡ ಬಿಟ್ಟು ಹರಿವು ಮುರಿಯುವ ಜಾಗ ಹುಡುಕುತ್ತೇನೆ: ತಿರುವಿನ ಮೂಲೆ, ಕಾಲುವೆ ಕವಲೊಡೆಯುವ ಬಾಯಿ, ಬಿದ್ದ ಮರ, ಕಲ್ಲು ಮುಗಿದು ಜೊಂಡು ಶುರುವಾಗುವ ಗೆರೆ. ಹೊಲದಲ್ಲಿ ಜಿನುಗಿದ ನೀರನ್ನು ಪಂಪು ಹಚ್ಚಿ ಕಾಲುವೆಗೆ ಎತ್ತಿ ಬಿಡುವ ಕೊಳವೆಗಳಿರುತ್ತವೆ. ಪಂಪು ಓಡುತ್ತಿದ್ದರೆ ಅದರ ಕೆಳಗಿನ ಹತ್ತು ಗಜ ಬಿಡಬೇಡಿ, ಮರಿಮೀನು ಅಲ್ಲಿಯೇ ಸೇರಿರುತ್ತದೆ.

ಇನ್ನೊಂದು ಮಾತು, ಇದನ್ನು ಎಷ್ಟು ಹೇಳಿದರೂ ಜನ ಕೇಳುವುದಿಲ್ಲ. ದಡದಲ್ಲಿ ನಿಂತವರೆಲ್ಲ ಕಾಲುವೆಯ ನಡುವಿಗೆ ಶಕ್ತಿ ಮೀರಿ ಎಸೆಯುತ್ತಾರೆ. ದೋಣಿಯವರೋ ನಡುನೀರಿನಲ್ಲಿ ನಿಂತು ದಡಕ್ಕೆ ಎಸೆಯುತ್ತಾರೆ! ಬಾಸ್ ಇರುವುದು ದಡದಿಂದ ಹತ್ತು ಹದಿನೈದು ಅಡಿಯೊಳಗೆ, ಕಲ್ಲಿನ ಇಳಿಜಾರು ಮುಗಿಯುವ ಕಡೆ. ಆದ್ದರಿಂದ ದಡಕ್ಕೆ ಸಮಾನಾಂತರವಾಗಿ, ಏರಿಯ ಉದ್ದಕ್ಕೂ ಎಸೆಯಿರಿ. ಲೂರ್ ಎಳೆದು ತರುವಷ್ಟು ಹೊತ್ತೂ ಮೀನಿರುವ ಪಟ್ಟಿಯಲ್ಲೇ ಇರುತ್ತದೆ. ಏರಿಯ ನೆತ್ತಿಯ ಮೇಲೆ ನಿಂತರೆ ನಿಮ್ಮ ನೆರಳು ನೀರಿಗೆ ಬೀಳುತ್ತದೆ. ಮೊದಲ ಎಸೆತಗಳನ್ನು ನೀರಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತೇ ಎಸೆಯಬೇಕು. ಇಳಿತದಲ್ಲಿ ಬಯಲಾದ ಕಲ್ಲಿನ ಮೇಲೆ ಪಾಚಿ ಇರುತ್ತದೆ, ಒದ್ದೆ ಕಲ್ಲಿಗೆ ಕಾಲಿಡುವ ಮುನ್ನ ಎಚ್ಚರ.

ಸಲಕರಣೆಗೆ ಬರೋಣ. ನನ್ನ ಬಳಿ ಕೆಲಸಕ್ಕೆ ಬರುವುದು ಎರಡೇ ರಾಡ್. ಒಂದು, 7 ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, ತುದಿ ಫಾಸ್ಟ್, 2500 ಅಥವಾ 3000 ಅಳತೆಯ ರೀಲ್, 15 ಪೌಂಡು ತಡೆಯುವ ಬ್ರೇಡ್ (ಹೆಣೆದ ಲೈನ್), ಅದರ ತುದಿಗೆ ಲೀಡರ್ ಆಗಿ 10 ಪೌಂಡಿನ ಫ್ಲೋರೋಕಾರ್ಬನ್ ಲೈನ್ ಆರೇಳು ಅಡಿ. ಇನ್ನೊಂದು, 7 ಅಡಿ 3 ಇಂಚಿನ ಹೆವಿ ಬೇಟ್‌ಕಾಸ್ಟಿಂಗ್ ರಾಡ್, 7:1 ಆಸುಪಾಸಿನ ಗೇರ್ ಅನುಪಾತದ ರೀಲ್, 50 ಪೌಂಡಿನ ಬ್ರೇಡ್. ಹೊಸಬರು ಮೊದಲನೆಯದೊಂದನ್ನೇ ಕೊಂಡರೆ ಸಾಕು. ಬ್ರೇಡ್‌ಗೆ ಲೀಡರ್ ಯಾಕೆ ಎಂದರೆ, ಬ್ರೇಡ್ ಎಷ್ಟೇ ಗಟ್ಟಿಯಾದರೂ ಏರಿಯ ಕಲ್ಲಿನ ಅಂಚಿಗೆ ಉಜ್ಜಿದರೆ ಎಳೆ ಎಳೆಯಾಗಿ ಕಿತ್ತುಹೋಗುತ್ತದೆ. ಫ್ಲೋರೋಕಾರ್ಬನ್ ಆ ಉಜ್ಜಾಟ ತಡೆಯುತ್ತದೆ. ಜೊಂಡು, ಕಳೆಗಳಲ್ಲಿ ಮಾತ್ರ ಬರೀ ಬ್ರೇಡ್. ಅದು ಕಳೆಯ ದಂಟನ್ನೇ ಕೊಯ್ದುಕೊಂಡು ಬರುತ್ತದೆ.

ಬ್ರೇಡನ್ನು ನೇರವಾಗಿ ರೀಲಿನ ನುಣುಪಾದ ಸ್ಪೂಲಿಗೆ (ಲೈನ್ ಸುತ್ತುವ ಉರುಳೆಗೆ) ಸುತ್ತಿದರೆ ಇಡೀ ಸುತ್ತೇ ಜಾರಿ ತಿರುಗುತ್ತದೆ, ಮೀನು ಎಳೆದಾಗ ಲೈನನ್ನು ಹಿಡಿದು ಬಿಡುವ ಡ್ರ್ಯಾಗ್ ಕೆಟ್ಟಿತೆಂದು ಜನ ರೀಲ್ ಬಿಚ್ಚುತ್ತಾರೆ. ಅಡಿಯಲ್ಲಿ ಹತ್ತು ಗಜ ಸಾದಾ ನೈಲಾನ್ ಲೈನ್ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಬೇಕು. ಸ್ಪೂಲಿನ ಅಂಚಿಗಿಂತ 3 ಮಿಲಿಮೀಟರ್ ಕೆಳಗೆ ನಿಲ್ಲಿಸಿ. ತುಂಬಿ ತುಳುಕಿದರೆ ಕುಣಿಕೆ ಕುಣಿಕೆಯಾಗಿ ಹಾರುತ್ತದೆ.

ಬೇಟ್‌ಕಾಸ್ಟರ್‌ನಲ್ಲಿ, ಅಂದರೆ ಎರಡನೆಯ ರಾಡಿನ ರೀಲಿನಲ್ಲಿ, ಲೈನ್ ಗೋಜಲಾಗುವುದಕ್ಕೆ ಕಾರಣ ಒಂದೇ: ಲೂರ್ ಹೋಗುವ ವೇಗಕ್ಕಿಂತ ಸ್ಪೂಲ್ ತಿರುಗುವ ವೇಗ ಹೆಚ್ಚು. ಲೂರ್ ಕಟ್ಟಿ, ಬಟನ್ ಒತ್ತಿ, ಅದು ನಿಧಾನವಾಗಿ ಇಳಿದು ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲುವಂತೆ ಪಕ್ಕದ ಗುಬುಟು ಬಿಗಿ ಮಾಡಿಕೊಳ್ಳಿ. ಬ್ರೇಕು ಹತ್ತರಲ್ಲಿ ಎಂಟಕ್ಕಿಟ್ಟು ಶುರುಮಾಡಿ, ಕೈ ಪಳಗಿದಂತೆ ಇಳಿಸುತ್ತಾ ಹೋಗಿ. ಲೂರ್ ನೀರು ಮುಟ್ಟುವ ಕ್ಷಣಕ್ಕೆ ಹೆಬ್ಬೆರಳು ಸ್ಪೂಲಿನ ಮೇಲೆ ಬೀಳಲೇಬೇಕು. ಬೇಸಿಗೆಯ ಮಧ್ಯಾಹ್ನದ ನಂತರ ಇಲ್ಲಿ ಪಶ್ಚಿಮದಿಂದ ಜೋರು ಗಾಳಿ ಎದ್ದೇಳುತ್ತದೆ. ಅದಕ್ಕೆ ಎದುರಾಗಿ ಹಗುರ ಲೂರ್ ಎಸೆದರೆ ಎಂಥ ರೀಲೂ ಗೋಜಲಾಗುತ್ತದೆ.

ಗಂಟಿನ ವಿಷಯದಲ್ಲಿ ರಾಜಿ ಬೇಡ. ಲೂರನ್ನು ಬ್ರೇಡ್‌ಗೆ ಕಟ್ಟಲು ಪಾಲೊಮಾರ್ ಗಂಟು. ಬ್ರೇಡಿಗೂ ಲೀಡರಿಗೂ ಎಫ್‌ಜಿ ಗಂಟು ಎಲ್ಲಕ್ಕಿಂತ ಸಣ್ಣದು, ಆದರೆ ಗಾಳಿಯಲ್ಲಿ ನಿಂತು ಹಾಕುವುದು ಕಷ್ಟ. ದಡದಲ್ಲಿ ಕಿತ್ತುಹೋದರೆ ಡಬಲ್ ಯೂನಿ ಎಂಬ ಗಂಟು ಹಾಕುತ್ತೇನೆ, ಬ್ರೇಡ್ ಕಡೆ ಎಂಟು ಸುತ್ತು, ಫ್ಲೋರೋಕಾರ್ಬನ್ ಕಡೆ ಐದು. ಬಿಗಿಯುವ ಮುಂಚೆ ಎಂಜಲು ಹಚ್ಚಿ, ನಿಧಾನವಾಗಿ ಎಳೆಯಿರಿ. ಫ್ಲೋರೋಕಾರ್ಬನ್ ಒಣಗಿದ್ದಾಗಲೇ ಎಳೆದರೆ ಬಿಸಿಯಾಗಿ ಅಲ್ಲಿಯೇ ಸೊರಗುತ್ತದೆ, ಮೀನು ಕಚ್ಚಿದಾಗ ಕಿತ್ತುಬರುತ್ತದೆ. ಕಿತ್ತ ತುದಿ ಹಂದಿಬಾಲದ ಹಾಗೆ ಸುರುಳಿಯಾಗಿದ್ದರೆ ಗಂಟು ಜಾರಿದೆ ಎಂದರ್ಥ. ಒರಟಾಗಿ ತರಚಿದ್ದರೆ ಕಲ್ಲು ಕೊಯ್ದಿದೆ. ಪ್ರತಿ ಮೀನಿನ ನಂತರ ಕೊನೆಯ ಎರಡಡಿಯನ್ನು ಬೆರಳಲ್ಲಿ ಸವರಿ ನೋಡಿ, ಗೀರು ಸಿಕ್ಕರೆ ಕತ್ತರಿಸಿ ಹೊಸದಾಗಿ ಕಟ್ಟಿ.

ಲೂರ್‌ಗಳಲ್ಲಿ ನನ್ನ ಮೊದಲ ಆಯ್ಕೆ 5 ಇಂಚಿನ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಹುಳು, ಸೆಂಕೋ ಮಾದರಿಯದು. ಉಪ್ಪು ಬೆರೆಸಿದ್ದರಿಂದ ತಾನೇ ಭಾರವಿದ್ದು, ಭಾರದ ಗುಂಡು ಕಟ್ಟದೆಯೂ ಅಡ್ಡಡ್ಡವಾಗಿ ನಡುಗುತ್ತಾ ಇಳಿಯುತ್ತದೆ. 4/0 ಆಫ್‌ಸೆಟ್ ಹುಕ್ಕನ್ನು ತಲೆಯಲ್ಲಿ ಕಾಲಿಂಚು ಚುಚ್ಚಿ ಹೊರತೆಗೆದು, ತಿರುಗಿಸಿ, ಮೊನೆ ಎಲ್ಲಿಗೆ ಬರುತ್ತದೆಂದು ಹುಳುವಿನ ಪಕ್ಕಕ್ಕಿಟ್ಟು ಅಳೆದು, ಅಲ್ಲಿ ನೇರವಾಗಿ ತೂರಿಸಿ, ಮೊನೆಯನ್ನು ಚರ್ಮದೊಳಗೆ ಚೂರೇ ಚೂರು ಮುಚ್ಚಬೇಕು. ಹುಳು ಸೊಟ್ಟಗಿದ್ದರೆ ಎಳೆಯುವಾಗ ಗಿರಗಿರ ತಿರುಗಿ ಲೈನನ್ನೇ ಹುರಿಗೊಳಿಸುತ್ತದೆ. ಹರಿವು ಜೋರಿದ್ದರೆ ಅದೇ ಹುಳುವಿನ ಮುಂದೆ ಕಾಲು ಔನ್ಸಿನ, ಅಂದರೆ 7 ಗ್ರಾಂ, ಟಂಗ್‌ಸ್ಟನ್ ಗುಂಡು. ಸೀಸ ಅಗ್ಗ, ಆದರೆ ಟಂಗ್‌ಸ್ಟನ್ ಅದೇ ತೂಕಕ್ಕೆ ಚಿಕ್ಕದು, ಗಟ್ಟಿ. ಕಲ್ಲು ಯಾವುದು, ಮಣ್ಣು ಯಾವುದು ಎಂದು ರಾಡಿನಲ್ಲೇ ತಿಳಿಯುತ್ತದೆ. ದಡದಿಂದ ಹಿಡಿಯುವವನಿಗೆ ನೀರೊಳಗಿನ ನೆಲ ತೋರಿಸುವ ಯಂತ್ರ ಅದೊಂದೇ.

ಎಸೆದ ಮೇಲೆ ಏನೂ ಮಾಡದಿರುವುದೇ ಕಷ್ಟದ ಕೆಲಸ. ಲೈನ್ ಸಡಿಲ ಬಿಟ್ಟು, ಅದು ನೀರು ಸೇರುವ ಬಿಂದುವನ್ನೇ ನೋಡುತ್ತಿರಬೇಕು. ಕಚ್ಚುವುದು ಬಹುತೇಕ ಇಳಿಯುವಾಗಲೇ. ಲೈನ್ ಟಪ್ಪೆಂದು ಹಾರಬಹುದು, ಪಕ್ಕಕ್ಕೆ ಸರಿಯಬಹುದು, ಅಥವಾ ನೆಲ ಮುಟ್ಟುವ ಮುಂಚೆಯೇ ಇಳಿಯುವುದು ನಿಲ್ಲಬಹುದು. ಸಡಿಲವನ್ನು ಸುತ್ತಿಕೊಂಡು, ಭಾರ ಸಿಕ್ಕಿದ ಮೇಲೆ ರಾಡನ್ನು ಪಕ್ಕಕ್ಕೆ ಬೀಸಿ ಎಳೆಯಿರಿ. ಸಡಿಲ ಲೈನಿನ ಮೇಲೆ ಜಗ್ಗಿದರೆ ಹುಕ್ ನಾಟುವುದಿಲ್ಲ.

ಬೇಸಿಗೆಯ ನಸುಕಿನಲ್ಲಿ, ಉಬ್ಬರ ತುಂಬಿದ್ದರೂ, ಕೆಲಸ ಮಾಡುವುದು ಟೊಳ್ಳು ರಬ್ಬರ್ ಕಪ್ಪೆ. ಇಲ್ಲಿಯ ಕಾಲುವೆಗಳಲ್ಲೂ ನಮ್ಮ ಕೆರೆಗಳ ಅಂತರಗಂಗೆಯೇ ಹಬ್ಬಿದೆ. ಅದರ ಮೇಲೆ ಎಸೆದು, ಕುಣಿಸುತ್ತಾ ತಂದು, ಬಯಲು ನೀರಿನ ಅಂಚಿನಲ್ಲಿ ನಿಲ್ಲಿಸಬೇಕು. ಊರಲ್ಲಿ ಕೊರವ ಮೀನಿಗೆ ಕಪ್ಪೆ ಎಸೆದು ರೂಢಿಯಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ನೀರು ಸಿಡಿದ ಸದ್ದಿಗೆ ಜಗ್ಗಿದರೆ ಕಪ್ಪೆ ಬಾಯಿಂದ ಹಾರಿ ಬರುತ್ತದೆ. ಭಾರ ಕೈಗೆ ತಿಳಿಯುವವರೆಗೆ ಕಾಯಿರಿ. ಹೊಸ ಕಪ್ಪೆಯ ಎರಡು ಹುಕ್ಕುಗಳನ್ನು ಇಕ್ಕಳದಿಂದ ಕೂದಲೆಳೆಯಷ್ಟು ಮೇಲಕ್ಕೆ ತೆರೆದರೆ ತಪ್ಪುವುದು ಕಡಿಮೆ. ಕಾಲಿನ ಎಳೆಗಳಲ್ಲಿ ಒಂದು ಕಡೆಯದನ್ನು ಅರ್ಧ ಇಂಚು ಚಿಕ್ಕದು ಮಾಡಿದರೆ ಎಡಬಲ ಚೆನ್ನಾಗಿ ಓಲಾಡುತ್ತದೆ. ಒಳಗೆ ನೀರು ಸೇರಿದರೆ ಮುಳುಗುತ್ತದೆ, ಆಗಾಗ ಹಿಂಡುತ್ತಿರಿ. ಇದಕ್ಕೆ ಹೆವಿ ರಾಡು, ಬರೀ ಬ್ರೇಡು; ಮೀನು ಕಚ್ಚಿದೊಡನೆ ತಲೆ ಮೇಲೆತ್ತಿ ಎಳೆಯದಿದ್ದರೆ ಕಳೆಯೊಳಗೆ ಸುತ್ತಿಕೊಳ್ಳುತ್ತದೆ.

ಕಾಲದ ಲೆಕ್ಕ ಚಿಕ್ಕದಾಗಿ: ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿದ್ದಾಗ ಎಲ್ಲವೂ ನಿಧಾನ, 55 ದಾಟಿದರೆ ಕೆಂಪು ಬಣ್ಣದ ಗಿಲಿಕೆ ಕ್ರ್ಯಾಂಕ್‌ಬೇಟ್ (ಒಳಗೆ ಗಿಲಿಗುಡುವ ಮೀನಿನಾಕಾರದ ಲೂರ್) ಎಳೆಯಬಹುದು, ಕಳೆಗೆ ತಗಲಿದಾಗ ಚಿಮ್ಮಿಸಿ ಬಿಡಿಸಿದರೆ ಆ ಚಿಮ್ಮಿಗೇ ಕಚ್ಚುತ್ತದೆ. 60ರಿಂದ 65ರ ನಡುವೆ ಗಂಡುಗಳು ಗೂಡು ಮಾಡುತ್ತವೆ. ಗೂಡಿನ ಮೇಲಿರುವ ಮೀನನ್ನು ಹಿಡಿಯಬೇಕೇ ಬೇಡವೇ ಎಂಬ ಜಗಳ ಇಲ್ಲಿ ಮುಗಿಯುವುದೇ ಇಲ್ಲ. ಕಾವಲಿನ ಗಂಡನ್ನು ಎತ್ತಿದ ಕೆಲವೇ ನಿಮಿಷಗಳಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನುಗಳು ಮೊಟ್ಟೆಗೆ ಮುತ್ತುತ್ತವೆ. ಕಣ್ಣಿಗೆ ಕಾಣುವ ಗೂಡಿಗೆ ನಾನು ಎಸೆಯುವುದಿಲ್ಲ. ಎಸೆಯುವವರು ಹಿಡಿದ ಜಾಗದಲ್ಲೇ ತಕ್ಷಣ ಬಿಡಲಿ.

ಬಣ್ಣದ ಬಗ್ಗೆ ಆಗುವಷ್ಟು ಚರ್ಚೆಗೆ ಅರ್ಥವಿಲ್ಲ. ಕಲಕಿದ ನೀರಿಗೆ ಕಪ್ಪು-ನೀಲಿ, ತಿಳಿನೀರಿಗೆ ಹಸಿರು ಕುಂಬಳದ ಬಣ್ಣ. ಉಳಿದದ್ದೆಲ್ಲ ಮನುಷ್ಯರನ್ನು ಹಿಡಿಯಲು ಮಾಡಿದ್ದು. ದೊಡ್ಡ ಮೀನಿನ ಹುಚ್ಚಿಗೆ ಮಾತ್ರ ಇಲ್ಲಿ ಕಾರಣವಿದೆ. 1959ರಲ್ಲಿ ದೊಡ್ಡದಾಗಿ ಬೆಳೆಯುವ ಫ್ಲಾರಿಡಾ ತಳಿಯನ್ನು ಸ್ಯಾನ್ ಡಿಯಾಗೋ ಕಡೆಯ ಕೆರೆಗಳಿಗೆ ತಂದರು, ಮುಂದೆ ಅದು ರಾಜ್ಯದ ಎಷ್ಟೋ ನೀರಿಗೆ ಹರಡಿತು. ಹಾಗಿದ್ದೂ ವಿಶ್ವದಾಖಲೆ ಕ್ಯಾಲಿಫೋರ್ನಿಯಾದ್ದಲ್ಲ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಹಿಡಿದ 22 ಪೌಂಡ್ 4 ಔನ್ಸಿನ ಮೀನು, 2009ರಲ್ಲಿ ಜಪಾನಿನ ಬಿವಾ ಕೆರೆಯಲ್ಲಿ ಮನಾಬು ಕುರಿಟಾ ಹಿಡಿದ ಮೀನು, ಎರಡೂ ಜೊತೆಯಲ್ಲಿ ನಿಂತಿವೆ. ಜಪಾನಿನದು ಒಂದು ಔನ್ಸಿನಷ್ಟು ಹೆಚ್ಚಿದ್ದರೂ ಹಳೆಯದನ್ನು ಅಳಿಸಲು ನಿಯಮದಂತೆ ಎರಡು ಔನ್ಸ್ ಬೇಕಿತ್ತು. ತಕ್ಕಡಿ ಇಲ್ಲದಿದ್ದರೆ ಉದ್ದವನ್ನು ಸುತ್ತಳತೆಯ ವರ್ಗದಿಂದ ಗುಣಿಸಿ 800ರಿಂದ ಭಾಗಿಸಿ. 20 ಇಂಚು ಉದ್ದ, 14 ಇಂಚು ಸುತ್ತಳತೆ ಎಂದರೆ 4.9 ಪೌಂಡ್.

16 ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ. 2023ರಿಂದ ಅದು ಕೊಂಡ ದಿನದಿಂದ 365 ದಿನ ನಡೆಯುತ್ತದೆ. ಎರಡು ರಾಡನ್ನು ಒಟ್ಟಿಗೆ ನೀರಿಗಿಟ್ಟರೆ ಬೇರೆ ಅನುಮತಿ ಬೇಕು, ಒಂದು ಕಾರಿನಲ್ಲಿದ್ದರೆ ಬೇಡ. ಡೆಲ್ಟಾದಲ್ಲಿ ಸಿಗುವ ಪಟ್ಟೆ ಬಾಸ್ (ಸ್ಟ್ರೈಪ್ಡ್ ಬಾಸ್) ಬೇರೆ ಜಾತಿ, ಅದರ ಅಳತೆ, ಮಿತಿ ಬೇರೆ. ಇಟ್ಟುಕೊಳ್ಳುವವರು ಆ ವರ್ಷದ ನಿಯಮ ಪುಸ್ತಕ ನೋಡಲೇಬೇಕು.

ತಿನ್ನಬಹುದಾ ಎಂದು ನಮ್ಮವರೆಲ್ಲ ಕೇಳುತ್ತಾರೆ. ಚಿನ್ನದ ಗಣಿಗಾರಿಕೆಯ ಕಾಲದಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಬಳಸಿದ ಪಾದರಸ ಇನ್ನೂ ಈ ನದಿಗಳ ಕೆಸರಿನಲ್ಲಿದೆ. ಬಾಸ್ ಬೇರೆ ಮೀನು ತಿನ್ನುವ ಮೀನಾದ್ದರಿಂದ, ದೊಡ್ಡದಾದಷ್ಟೂ ಅದರ ಮಾಂಸದಲ್ಲಿ ಪಾದರಸ ಜಾಸ್ತಿ. ಯಾವ ನೀರಿನ ಮೀನು ವಾರಕ್ಕೆ ಎಷ್ಟು ಎಂದು ರಾಜ್ಯ ಸರ್ಕಾರ ಪಟ್ಟಿ ಕೊಡುತ್ತದೆ, ಮಕ್ಕಳಿಗೂ ಗರ್ಭ ಧರಿಸುವ ವಯಸ್ಸಿನ ಹೆಂಗಸರಿಗೂ ಲೆಕ್ಕ ಇನ್ನೂ ಬಿಗಿ. ನಾನು ಎಲ್ಲವನ್ನೂ ಬಿಡುತ್ತೇನೆ. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು. ಎರಡು ಮೂರು ಪೌಂಡಿನದಾದರೆ ತುಟಿ ಹಿಡಿದು ನೇರವಾಗಿ ತೂಗಬಹುದು. ಅದಕ್ಕಿಂತ ದೊಡ್ಡದನ್ನು ದವಡೆಯಿಂದ ಅಡ್ಡಡ್ಡ ಬಾಗಿಸಿ ಫೋಟೋ ತೆಗೆದರೆ ದವಡೆ ಕೀಲು ಹೋಗುತ್ತದೆ, ಹೊಟ್ಟೆಗೆ ಇನ್ನೊಂದು ಕೈ ಕೊಡಿ.

2024ರ ಅಕ್ಟೋಬರಿನಲ್ಲಿ ಸ್ಟಾಕ್ಟನ್ ಬಂದರಿನಲ್ಲಿ ಗೋಲ್ಡನ್ ಮಸಲ್ ಎಂಬ ಹೊರಗಿನ ಚಿಪ್ಪುಜೀವಿ ಕಂಡಿತು, ಉತ್ತರ ಅಮೆರಿಕದಲ್ಲೇ ಮೊದಲ ಸಲ. ಆಮೇಲೆ ಎಷ್ಟೋ ಜಲಾಶಯಗಳು ಹೊರಗಿನ ದೋಣಿಗಳನ್ನು ತಡೆಯುತ್ತಿವೆ, ಇಲ್ಲವೇ ತಪಾಸಣೆಗೆ ನಿಲ್ಲಿಸುತ್ತಿವೆ. ದಡದವರಿಗೂ ಬಿಡುವಿಲ್ಲ: ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಬೂಟಿನ ಕೆಸರಿನಲ್ಲಿ, ಬಲೆಯ ಒದ್ದೆಯಲ್ಲಿ ಬದುಕಿರಬಲ್ಲವು. ಡೆಲ್ಟಾಕ್ಕೆ ಬೇರೆಯದೇ ಒಂದು ಜೊತೆ ಬೂಟು, ಬಲೆ ಇಟ್ಟುಕೊಳ್ಳಿ, ಇಲ್ಲವೇ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಇನ್ನೊಂದು ಕೆರೆಗೆ ಒಯ್ಯಿರಿ.