ಹಾರ್ಡ್ ಡಿಸ್ಕ್ ಕೈಕೊಡುತ್ತಿದೆಯಾ? ರಿಪೇರಿ ಆಮೇಲೆ, ಮೊದಲು ಕಾಪಿ ಮಾಡಿಕೊಳ್ಳಿ

ಕಂಪ್ಯೂಟರ್ ಸ್ಲೋ ಆಯಿತು ಅಂದರೆ ಎಲ್ಲರೂ ಮೊದಲು ಬೈಯುವುದು ವೈರಸ್ಸನ್ನು, ಇಲ್ಲವೇ ವಿಂಡೋಸ್ ಅಪ್‌ಡೇಟನ್ನು. ಡಿಸ್ಕ್ ಕಡೆ ಗಮನ ಹೋಗುವುದು ಕೊನೆಗೆ. ಅಷ್ಟರಲ್ಲಿ ಎಷ್ಟೋ ಸಲ ಕಾಲ ಮಿಂಚಿರುತ್ತದೆ.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ಒಂದು ನಿರ್ದಿಷ್ಟ ಫೋಲ್ಡರ್ ತೆರೆದಾಗ ಮಾತ್ರ ಎಲ್ಲ ನಿಂತುಹೋಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ತೋರಿಸುತ್ತದೆ, ಆದರೆ ಓದುವ ವೇಗ ನೋಡಿದರೆ ಸೆಕೆಂಡಿಗೆ ಕೆಲವೇ ಕೆಬಿ. ಕಾಪಿ ಮಾಡುವಾಗ ಪ್ರತಿ ಸಲ ಅದೇ ಫೈಲಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಇವು ಕಂಡರೆ ಡಿಸ್ಕ್ ಮೇಲೆ ಅನುಮಾನ ಪಡಿ. ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬರುತ್ತಿದ್ದರೆ ಅನುಮಾನ ಕೂಡ ಬೇಡ, ಆ ಕ್ಷಣವೇ ಪವರ್ ಆಫ್ ಮಾಡಿ. ಒಳಗಿನ ಹೆಡ್ (ಡೇಟಾ ಓದುವ, ಬರೆಯುವ ಭಾಗ) ಹಾಳಾಗಿರುವ ಸಾಧ್ಯತೆ ಜಾಸ್ತಿ. ಓಡಿಸಿದಷ್ಟೂ ಡೇಟಾ ಇರುವ ಮೇಲ್ಮೈಯೇ ಕೆರೆದುಹೋಗಬಹುದು. ಅದು ಡೇಟಾ ರಿಕವರಿ ಲ್ಯಾಬಿನವರ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ಹಳೇ ಸಲಹೆಯನ್ನಂತೂ ದಯವಿಟ್ಟು ಪಾಲಿಸಬೇಡಿ, ಒಳಗೆ ತೇವ ಕಟ್ಟುತ್ತದೆ.

ಸದ್ದಿಲ್ಲದೆ ಬರೀ ಸ್ಲೋ ಆಗಿದ್ದರೆ ನಮಗೆ ಸ್ವಲ್ಪ ಸಮಯ ಸಿಕ್ಕಿದೆ ಅಂತ ಅರ್ಥ. ಈಗ ಚೆಕ್ ಡಿಸ್ಕ್ ಓಡಿಸಬೇಡಿ. ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಜೋಡಿಸುವುದು) ಬೇಡ, ವಿಂಡೋಸ್ ಮತ್ತೆ ಹಾಕುವುದೂ ಬೇಡ. ವಿಂಡೋಸಿನ ಚೆಕ್ ಡಿಸ್ಕ್ ಇರುವುದು ಫೈಲ್ ಸಿಸ್ಟಂ (ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕ) ಸರಿಮಾಡಲು, ನಿಮ್ಮ ಫೋಟೋ ಉಳಿಸಲು ಅಲ್ಲ. ಸರಿಮಾಡುವ ಭರದಲ್ಲಿ ಅದು ಡಿಸ್ಕಿನ ಮೇಲೆ ಬರೆಯುತ್ತದೆ, ಕೆಟ್ಟ ಸೆಕ್ಟರ್ (ಡಿಸ್ಕಿನ ಪುಟ್ಟ ಖಾನೆ) ಹುಡುಕು ಅಂದರೆ ಸಾಯುತ್ತಿರುವ ಡಿಸ್ಕನ್ನು ಮೊದಲಿಂದ ಕೊನೆವರೆಗೂ ಓದಿಸುತ್ತದೆ. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಅಂತ ವಿಂಡೋಸ್ ಕೇಳಿದರೆ ಕ್ಯಾನ್ಸಲ್ ಒತ್ತಿ.

ಮೊದಲು ಏನನ್ನು ಕಾಪಿ ಮಾಡಬೇಕು ಅನ್ನುವುದು ಮುಖ್ಯ. ಮತ್ತೆ ಸಿಗದೇ ಇರುವುದನ್ನು ಮೊದಲು ತೆಗೆಯಿರಿ: ಫೋಟೋ, ವಿಡಿಯೋ, ಕಾಗದಪತ್ರ, ನೀವೇ ಬರೆದ ಕೋಡ್. ಸಾಫ್ಟ್‌ವೇರನ್ನು ಎಲ್ಲಿಂದ ಬೇಕಾದರೂ ಇಳಿಸಿಕೊಳ್ಳಬಹುದು, ಅದಕ್ಕೆ ಈಗ ಸಮಯ ಹಾಳುಮಾಡಬೇಡಿ. ಬ್ರೌಸರಿನ ಬುಕ್‌ಮಾರ್ಕು, ಸೇವ್ ಮಾಡಿದ ಪಾಸ್‌ವರ್ಡುಗಳು ಅಡಗಿಸಿಟ್ಟ ಆಪ್ ಡೇಟಾ ಫೋಲ್ಡರಿನಲ್ಲಿರುತ್ತವೆ. ಅವನ್ನು ಬ್ರೌಸರಿನಿಂದಲೇ ಎಕ್ಸ್‌ಪೋರ್ಟ್ ಮಾಡುವುದು ಸುಲಭ.

ವೆಬ್‌ಸೈಟ್ ಕಟ್ಟುವವರಿಗೆ ಇಲ್ಲೊಂದು ವಿಷಯ ಹೇಳಲೇಬೇಕು. ಮನೆಯ ಕಂಪ್ಯೂಟರಿನಲ್ಲಿ ಕ್ಸಾಂಪ್ (ಮನೆಯಲ್ಲೇ ವೆಬ್ ಸರ್ವರ್ ಓಡಿಸುವ ಪ್ಯಾಕೇಜು) ಹಾಕಿ ವರ್ಡ್‌ಪ್ರೆಸ್ ಓಡಿಸುತ್ತಿದ್ದರೆ ಸೈಟಿನ ಫೋಲ್ಡರ್ ಒಂದನ್ನೇ ಕಾಪಿ ಮಾಡಿದರೆ ಸಾಲದು. ಅದರಲ್ಲಿ ಥೀಮು, ಪ್ಲಗಿನ್ನು, ಅಪ್‌ಲೋಡ್ ಮಾಡಿದ ಚಿತ್ರ ಇರುತ್ತವೆ. ಬರಹಗಳೆಲ್ಲ ಇರುವುದು ಡೇಟಾಬೇಸಿನಲ್ಲಿ. ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿ ಮೈ ಅಡ್ಮಿನ್ ಇನ್ನೂ ತೆರೆಯುತ್ತಿದ್ದರೆ ಡೇಟಾಬೇಸನ್ನು ಎಕ್ಸ್‌ಪೋರ್ಟ್ ಮಾಡಿಬಿಡಿ. ತೆರೆಯದಿದ್ದರೆ ಕ್ಸಾಂಪ್ ಒಳಗಿನ ಮೈಎಸ್‌ಕ್ಯೂಎಲ್ ಡೇಟಾ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಿ. ನಿಮ್ಮ ಡೇಟಾಬೇಸಿನ ಹೆಸರಿರುವ ಫೋಲ್ಡರ್ ಮಾತ್ರ ಸಾಕು ಅಂದುಕೊಂಡರೆ ಅದರ ಪಕ್ಕದಲ್ಲಿರುವ ಐಬಿಡೇಟಾ ಫೈಲ್ ಬಿಟ್ಟುಹೋಗುತ್ತದೆ. ಅದಿಲ್ಲದೆ ಟೇಬಲ್ಲುಗಳು ತೆರೆಯುವುದೇ ಇಲ್ಲ.

ಎಳೆದು ಬಿಡುವ ಮಾಮೂಲಿ ಕಾಪಿ ಒಂದು ಕೆಟ್ಟ ಫೈಲಿಗೇ ನಿಂತುಬಿಡುತ್ತದೆ. ವಿಂಡೋಸಿನಲ್ಲೇ ಇರುವ ರೋಬೋಕಾಪಿ ಅನ್ನುವ ಕಮಾಂಡ್ ಇದಕ್ಕೆ ಒಳ್ಳೆಯದು, ಆದರೆ ಒಂದು ಎಚ್ಚರಿಕೆ ಬೇಕು. ಏನೂ ಹೇಳದೆ ಓಡಿಸಿದರೆ ಓದಲಾಗದ ಒಂದೊಂದು ಫೈಲನ್ನೂ ಅದು 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲವೂ 30 ಸೆಕೆಂಡ್ ಕಾಯುತ್ತದೆ! ಮರುಪ್ರಯತ್ನವನ್ನು 1ಕ್ಕೆ, ಕಾಯುವ ಸಮಯವನ್ನೂ 1 ಸೆಕೆಂಡಿಗೆ ಇಳಿಸಿ ಓಡಿಸಿ. ಬಂದದ್ದು ಬರಲಿ, ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ಬೇಕಾದ್ದೆಲ್ಲ ಈಚೆ ಬಂದ ಮೇಲೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪ್ರೋಗ್ರಾಂ ತೆರೆದು ಡಿಸ್ಕಿನ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಅಲ್ಲಿ ಹತ್ತಾರು ಸಾಲಿದ್ದರೂ ನಾನು ನೋಡುವುದು ನಾಲ್ಕನ್ನು. 05 ಅಂದರೆ ಈಗಾಗಲೇ ಬದಲಿ ಜಾಗ ಕೊಟ್ಟ ಸೆಕ್ಟರುಗಳು. ಸಿ5 ಅಂದರೆ ಓದಲು ಒದ್ದಾಡುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಸಿ6 ಸರಿಮಾಡಲಾಗದವು. ಇವು ಸೊನ್ನೆ ಇರಬೇಕು. ಸೊನ್ನೆ ಬಿಟ್ಟು ಮೇಲೇರುತ್ತಿದ್ದರೆ ಆ ಡಿಸ್ಕಿಗೆ ವಿದಾಯ ಹೇಳಿ. ನನ್ನ ಹಳೇ ಡೆಸ್ಕ್‌ಟಾಪಿನ ಡಿಸ್ಕ್ ಈಗ ಇದೇ ಹಂತದಲ್ಲಿದೆ. ಬೆಳಿಗ್ಗೆ ಸಿ5 ಎದುರು 8 ಇತ್ತು, ಸಂಜೆ ಹೊತ್ತಿಗೆ 24. ಸಂಖ್ಯೆಗಳು ವಿಚಿತ್ರವಾಗಿ ಕಂಡರೆ ಗಾಬರಿ ಬೇಡ, ಆ ಪ್ರೋಗ್ರಾಂ ಮೊದಲಿಗೆ ಹೆಕ್ಸಾದಲ್ಲಿ (16ರ ಲೆಕ್ಕದ ಅಂಕಿ) ತೋರಿಸುತ್ತದೆ, ಸೆಟ್ಟಿಂಗಿನಲ್ಲಿ ನಮ್ಮ ಮಾಮೂಲಿ ಡೆಸಿಮಲ್‌ಗೆ ಬದಲಿಸಬಹುದು. ನಾಲ್ಕನೆಯದು ಸಿ7, ಅಂದರೆ ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ. ಇದೊಂದೇ ಏರುತ್ತಿದ್ದರೆ ಖುಷಿಪಡಿ! ಬಹುಪಾಲು ತಪ್ಪು ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ಲಿನದು, ಕೇಬಲ್ ಬದಲಿಸಿ ನೋಡಿ. ಹಳೆಯ ಸಂಖ್ಯೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು.

ವಿಂಡೋಸಿನಲ್ಲಿ ಡಿಸ್ಕ್ ತೆರೆಯುವುದೇ ಇಲ್ಲ, ಆದರೆ ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ಹೆಸರು ಕಾಣುತ್ತದೆ ಅಂದರೆ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ನೇರ ಓಡುವ ಪೆನ್‌ಡ್ರೈವ್) ಲಿನಕ್ಸ್ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ನಕಲು ಮಾಡುವ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಠಮಾರಿ ಜಾಗಗಳನ್ನು ಕೊನೆಗೆ ಮುಟ್ಟುತ್ತದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲನ್ನು ಬೇರೆ ಡ್ರೈವಿನಲ್ಲಿ ಕೊಡಲು ಮರೆಯಬೇಡಿ, ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು. ಯಾವುದು ಹಳೇ ಡಿಸ್ಕ್, ಯಾವುದು ಹೊಸದು ಅಂತ ಗಾತ್ರ ಮತ್ತು ಮಾಡೆಲ್ ಹೆಸರು ನೋಡಿ ಎರಡು ಸಲ ಖಚಿತಪಡಿಸಿಕೊಳ್ಳಿ. ತಿರುವುಮುರುವಾದರೆ ಇದ್ದದ್ದೂ ಅಳಿಸಿಹೋಗುತ್ತದೆ. ಬಂದ ಇಮೇಜಿನಿಂದ (ಡಿಸ್ಕಿನ ಪೂರ್ತಿ ನಕಲು) ಫೈಲ್ ಹೆಕ್ಕಲು ಟೆಸ್ಟ್‌ಡಿಸ್ಕ್, ಫೋಟೋರೆಕ್ ಇವೆ, ಎರಡೂ ಉಚಿತ. ಫೋಟೋರೆಕ್ ಸಾಮಾನ್ಯವಾಗಿ ಹಳೇ ಫೈಲ್ ಹೆಸರು ಉಳಿಸುವುದಿಲ್ಲ, ಹಾಗಾಗಿ ಮೊದಲು ಟೆಸ್ಟ್‌ಡಿಸ್ಕ್ ಪ್ರಯತ್ನಿಸಿ.

ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಿರುವ ಡಿಸ್ಕ್) ಇರುವವರು ನಿಶ್ಚಿಂತೆಯಾಗಿರಬೇಡಿ. ಅದು ಎಷ್ಟೋ ಸಲ ಯಾವ ಮುನ್ಸೂಚನೆಯನ್ನೂ ಕೊಡದೆ ಒಂದು ಬೆಳಿಗ್ಗೆ ಕಾಣಿಸದೇ ಹೋಗುತ್ತದೆ. ಅಳಿಸಿದ ಫೈಲನ್ನು ಅದರಿಂದ ವಾಪಸ್ ತರುವುದೂ ಕಷ್ಟ, ಅಳಿಸಿದ ಜಾಗ ತೆರವು ಮಾಡುವ ಟ್ರಿಮ್ ಅನ್ನುವ ಸೌಲಭ್ಯ ಆ ಜಾಗವನ್ನು ಬೇಗ ಖಾಲಿ ಮಾಡಿಬಿಡುತ್ತದೆ.

ಹೊಸ ಡಿಸ್ಕಿಗೆ ಎಲ್ಲ ಬಂದ ಮೇಲೆ ಕೆಲವು ಫೋಟೋ, ಒಂದೆರಡು ವಿಡಿಯೋ ತೆರೆದು ನೋಡಿ, ಡೇಟಾಬೇಸನ್ನು ಇಂಪೋರ್ಟ್ ಮಾಡಿ ಸೈಟ್ ಓಡಿಸಿ ನೋಡಿ. ಹೆಸರು, ಗಾತ್ರ ಸರಿಯಿದ್ದರೂ ಒಳಗೆ ಏನೂ ಇಲ್ಲದ ಫೈಲುಗಳು ಇರುತ್ತವೆ. ಆಮೇಲೆ ಮೂರು ಪ್ರತಿ, ಎರಡು ಬಗೆಯ ಜಾಗ, ಒಂದು ಪ್ರತಿ ಮನೆಯಿಂದ ಹೊರಗೆ ಅನ್ನುವಂತೆ ಇಡಿ. ಬ್ಯಾಕಪ್ ಡ್ರೈವನ್ನು ಯಾವಾಗಲೂ ಸಿಕ್ಕಿಸಿ ಇಡಬೇಡಿ, ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ) ಬಂದರೆ ಅದನ್ನೂ ಲಾಕ್ ಮಾಡುತ್ತದೆ. ಹಳೇ ಡಿಸ್ಕನ್ನು ಮಾತ್ರ ಈ ಪರೀಕ್ಷೆ ಮುಗಿಯುವವರೆಗೆ ಎಸೆಯಬೇಡಿ, ವಾರಂಟಿಗೂ ಕಳಿಸಬೇಡಿ.