ಕಸೂತಿ, ಚಿತ್ರ, ಫೋಟೋ ಕೆಲಸ ಮಾಡೋರಿಗೆ: ಇನ್‌ಸ್ಟಾಗ್ರಾಮ್‌ನಾಗ ನಿಮ್ಮ 'ಹೆಸರು' ಒಮ್ಮೆ ನೋಡ್ಕೊಳ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಹುಬ್ಬಳ್ಳಿ-ಧಾರವಾಡದಾಗ ಇಷ್ಟ ಚೊಲೋ ಕೈಗೆಲಸ ಮಾಡೋರಿದ್ರೂ ಹುಡುಕೋರ ಕಣ್ಣಿಗೆ ಬೀಳೂದಿಲ್ಲ. ನನಗ ಇದು ಖರೇನ ಸಂಕಟ ಆಗೂ ಮಾತು.

ಮೊದಲ ಪ್ರೊಫೈಲ್ ತಗೀರಿ. ಯೂಸರ್‌ನೇಮ್ ಬ್ಯಾರೆ, 'ಹೆಸರು' ಅನ್ನೂ ಜಾಗ ಬ್ಯಾರೆ. ಹುಡುಕಿದಾಗ ಎರಡೂ ಲೆಕ್ಕಕ್ಕ ಬರ್ತಾವ. ಅದಕ್ಕ ಅಲ್ಲಿ ಬರೇ ನಿಮ್ಮ ಹೆಸರು ಬ್ಯಾಡ, ಮುಂದ 'ಕಸೂತಿ ಧಾರವಾಡ', 'ಮದುವಿ ಫೋಟೋ ಹುಬ್ಬಳ್ಳಿ' ಅಂತ ಕೆಲಸ, ಊರು ಸೇರಸ್ರಿ. 14 ದಿನದಾಗ ಎರಡೇ ಸಲ ಬದಲಿಸಾಕ ಬರತೈತಿ, ವಿಚಾರ ಮಾಡಿ ಬರೀರಿ. ಚೊಲೋ ಅನಿಸಿದ ಮೂರು ಪೋಸ್ಟ್ ಮ್ಯಾಲೆ ಪಿನ್ ಮಾಡ್ರಿ.

ಇನ್ನ ವಿಡಿಯೋ. ಮುಗದ ಸೀರಿ ಅಷ್ಟ ತೋರಿಸಿದ್ರ ಮಷಿನ್ ಕೆಲಸ ಯಾವುದು, ಕೈಕೆಲಸ ಯಾವುದು ತಿಳಿಯೂದಿಲ್ಲ. ಗಂಟಿಲ್ಲದ ಗವಂತಿ ಹೊಲಿಗಿ ಹಾಕೂದನ್ನ ಹತ್ತರಿಂದ ತಗೀರಿ. ಆಮ್ಯಾಲೆ ಬಟ್ಟಿ ಹೊರಳಸ್ರಿ. ಹಿಂದಿನ ಮಗ್ಗಲಾನೂ ಅದೇ ತೇರು, ಅದೇ ಗೋಪುರ ಕಾಣಬೇಕು. ಕಿಟಕಿ ಬೆಳಕು ಸಾಕು, ಫೋನ್ ಉದ್ದಕ್ಕ ಹಿಡೀರಿ.

ಗದಗ-ಬೆಟಗೇರಿ ನೇಕಾರರ ಸೀರಿ ಮ್ಯಾಲೆ ಕಸೂತಿ ಹಾಕಿದ್ರ, ಆ ನೇಕಾರರನ್ನ ಕೊಲ್ಯಾಬ್ ಪೋಸ್ಟಿಗೆ ಕರೀರಿ. ಅವರು ಒಪ್ಪಿದ್ರ ಒಂದ ಪೋಸ್ಟ್ ಇಬ್ಬರ ಪ್ರೊಫೈಲಿನಾಗೂ ಕಾಣತೈತಿ, ಅವರ ಗಿರಾಕಿ ನಿಮಗ, ನಿಮ್ಮ ಗಿರಾಕಿ ಅವರಿಗೆ ಪರಿಚಯ ಆಗತಾರ.

ರೇಟ್ ಮುಚ್ಚಿಡಬ್ಯಾಡ್ರಿ. ವಾಟ್ಸ್ಯಾಪ್ ಬಿಸಿನೆಸ್ ಕ್ಯಾಟಲಾಗ್‌ನಾಗ ಬರದು, ಅದರ ಲಿಂಕ್ ಬಯೋದಾಗ ಹಾಕ್ರಿ. ಮಾಡೂವಾಗ ತೊಡಕು ಬಂದ್ರ ಇಲ್ಲೇ ಕೇಳ್ರಿ, ಹೇಳತೀನಿ.