ಹೊಸ ಪದ್ಧತಿ ನೆಲೆಯೂರಬೇಕಾದರೆ: ಕೆಲಸದ ಸುಧಾರಣೆ ಮತ್ತು ಸಿಬ್ಬಂದಿಯ ತಕರಾರು

‘ನಮ್ಮವರು ಹೊಸದಕ್ಕೆ ಒಗ್ಗುವುದೇ ಇಲ್ಲ’ ಎಂಬ ದೂರು ಕೇಳಿಬರದ ಸಂಸ್ಥೆ ಅಪರೂಪ. ಅದೇ ಸಿಬ್ಬಂದಿ ಹೊಸ ಮೊಬೈಲಿಗೆ ಒಂದು ವಾರದಲ್ಲಿ ಒಗ್ಗಿರುತ್ತಾರೆ. ಹೊಸ ಪದ್ಧತಿ ಬಂದರೆ ತಮ್ಮ ತಲೆಗೆ ಏನು ಕಟ್ಟುತ್ತಾರೆ, ತಮ್ಮ ಕೈಯಿಂದ ಏನು ಹೋಗುತ್ತದೆ ಎಂಬ ಲೆಕ್ಕವನ್ನು ಅವರು ಸಭೆ ಮುಗಿಯುವ ಮೊದಲೇ ಹಾಕಿಬಿಟ್ಟಿರುತ್ತಾರೆ. ಬಹಳ ಸಲ ಆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದ್ದರಿಂದ ತಕರಾರನ್ನು ಸುಧಾರಣೆಗೆ ಬಂದ ಅಡ್ಡಿ ಎನ್ನದೆ, ಯೋಜನೆಯ ತಪ್ಪು ಹಿಡಿದುಕೊಡುವ ಮೊದಲ ಪರೀಕ್ಷೆ ಎಂದುಕೊಂಡರೆ ಕೆಲಸ ಸಲೀಸು.

ಎಲ್ಲಿಂದ ಶುರು ಮಾಡುವುದು

ಆಡಳಿತಕ್ಕೆ ತಲೆನೋವಾದ ಕೆಲಸಕ್ಕಿಂತ, ಮಾಡುವವರಿಗೇ ತಲೆನೋವಾದ ಕೆಲಸವನ್ನು ಮೊದಲು ಆರಿಸಿ. ಅದು ತಿಂಗಳಿಗೆ ಕನಿಷ್ಠ 30 ಸಲ ನಡೆಯುವಂಥದ್ದಾಗಿರಲಿ, ಎರಡು ವಾರದೊಳಗೆ ಒಂದು ಸುತ್ತು ಮುಗಿಯಲಿ, ಬಹುಪಾಲು ಒಬ್ಬರೇ ಮುಖ್ಯಸ್ಥರ ಕೈಕೆಳಗೆ ಇರಲಿ. ಸುತ್ತು ಉದ್ದವಾದರೆ ಫಲ ಕಾಣುವಷ್ಟರಲ್ಲಿ ಹುಮ್ಮಸ್ಸು ಆರಿರುತ್ತದೆ. ಮೂರು ವಿಭಾಗ ದಾಟುವ ಕೆಲಸವನ್ನು ಮೊದಲ ಪ್ರಯತ್ನಕ್ಕೇ ಎತ್ತಿಕೊಂಡವರು ಸುಧಾರಣೆಗಿಂತ ಪಂಚಾಯಿತಿಯನ್ನೇ ಹೆಚ್ಚು ಮಾಡುತ್ತಾರೆ.

ಅಳೆಯುವುದು ಹೇಗೆ

ಸರಬರಾಜುದಾರರ ಬಿಲ್ ಪಾಸ್ ಮಾಡುವ ಕೆಲಸವನ್ನೇ ನೋಡೋಣ. ಬಿಲ್ ಐದು ಮೇಜು ದಾಟುತ್ತದೆ: ಸ್ವೀಕೃತಿ, ಖರೀದಿ ಆದೇಶದೊಂದಿಗೆ ತಾಳೆ, ಮಾಲು ಬಂದಿದೆ ಎಂಬ ದೃಢೀಕರಣ, ಲೆಕ್ಕಪತ್ರ, ಸಹಿ. ಸಾಲಾಗಿ ಬರುವ 30 ಬಿಲ್‌ಗಳಿಗೆ ಒಂದೊಂದು ಚೀಟಿ ಅಂಟಿಸಿ. ಪ್ರತಿ ಮೇಜಿನಲ್ಲೂ ಮೂರೇ ನಮೂದು: ಬಂದ ಹೊತ್ತು, ಕೈಗೆತ್ತಿಕೊಂಡ ಹೊತ್ತು, ಮುಂದೆ ಕಳಿಸಿದ ಹೊತ್ತು. ವಾಪಸ್ ಹೋದರೆ ಕಾರಣ ಒಂದು ಸಾಲಿನಲ್ಲಿ. ಚೀಟಿಯಲ್ಲಿ ಮೇಜಿನ ಹೆಸರು ಸಾಕು, ನೌಕರರ ಹೆಸರು ಬೇಡವೇ ಬೇಡ. ಹೆಸರು ಬರೆಸಿದ ದಿನದಿಂದಲೇ ಸುಳ್ಳು ಗಂಟೆಗಳು ಬೀಳತೊಡಗುತ್ತವೆ. ಆ ಕುರ್ಚಿಯಲ್ಲಿ ಯಾರು ಕೂತಿದ್ದರೂ ಅದನ್ನೇ ಮಾಡುತ್ತಿದ್ದರು. ನೀಟಾದ ಬಿಲ್‌ಗಳನ್ನೇ ಆರಿಸಿಕೊಳ್ಳಬೇಡಿ, ತಿಂಗಳ ಕೊನೆಯ ಗಡಿಬಿಡಿಯ ವಾರವೂ ಲೆಕ್ಕಕ್ಕೆ ಬರಲಿ.

ಚೀಟಿಗಳು ಕೈಸೇರಿದ ಮೇಲೆ ದಿನಗಳ ಏರಿಕೆ ಕ್ರಮದಲ್ಲಿ ಜೋಡಿಸಿ, ನಡುವಿನದನ್ನೂ ಕೊನೆಯಿಂದ ಮೂರನೆಯದನ್ನೂ ಬರೆದಿಟ್ಟುಕೊಳ್ಳಿ. ಬರೀ ಸರಾಸರಿ ನಂಬಬೇಡಿ, ಒಂದೆರಡು ಕಗ್ಗಂಟಿನ ಬಿಲ್‌ಗಳು ಅದನ್ನು ಎತ್ತೆತ್ತಲೋ ಎಳೆದೊಯ್ಯುತ್ತವೆ. ಸಾಮಾನ್ಯವಾಗಿ ಕಾಣುವುದು ಹೀಗೆ: ಬಿಲ್ಲಿನ ಮೇಲೆ ಕೈ ಇದ್ದದ್ದು ನಿಮಿಷಗಳ ಲೆಕ್ಕದಲ್ಲಿ, ಮೇಜಿನ ಮೇಲೆ ಬಿದ್ದಿದ್ದದ್ದು ದಿನಗಳ ಲೆಕ್ಕದಲ್ಲಿ.

ಇಲ್ಲಿ ಎರಡು ಸಣ್ಣ ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತವೆ. ಮೊದಲನೆಯದು ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ: ಒಳಗೆ ಬಾಕಿ ಇರುವ ಬಿಲ್‌ಗಳನ್ನು ದಿನಕ್ಕೆ ಮುಗಿಯುವ ಬಿಲ್‌ಗಳಿಂದ ಭಾಗಿಸಿದರೆ ಒಂದು ಬಿಲ್ಲಿಗೆ ಸರಾಸರಿ ಹಿಡಿಯುವ ದಿನ ಸಿಗುತ್ತದೆ. 120 ಬಾಕಿ, ದಿನಕ್ಕೆ 15 ಮುಗಿಯುತ್ತಿದ್ದರೆ 8 ದಿನ. ನಡುವಿನ ಒಂದು ಮೇಜನ್ನು ಮಾತ್ರ ಚುರುಕು ಮಾಡಿದರೆ ರಾಶಿ ಮುಂದಿನ ಮೇಜಿಗೆ ಜರುಗುತ್ತದೆ, ದಿನಕ್ಕೆ ಮುಗಿಯುವುದು 15ರಲ್ಲೇ ನಿಂತಿದ್ದರೆ ಎಂಟು ದಿನ ಎಂಟಾಗಿಯೇ ಉಳಿಯುತ್ತದೆ. ಎರಡನೆಯದು, ಐದೂ ಮೇಜುಗಳಲ್ಲಿ ನೂರಕ್ಕೆ 90 ಬಿಲ್ ತಪ್ಪಿಲ್ಲದೆ ಸಾಗಿದರೂ, ಎಲ್ಲೂ ವಾಪಸಾಗದೆ ದಡ ಸೇರುವುದು ನೂರಕ್ಕೆ ಸುಮಾರು 59 ಮಾತ್ರ. ಐದು 0.9ಗಳನ್ನು ಒಂದಕ್ಕೊಂದು ಗುಣಿಸಿ ನೋಡಿ. ‘ನಮ್ಮ ಮೇಜಿನಲ್ಲಿ ತಪ್ಪೇ ಕಡಿಮೆ’ ಎಂದು ಐದೂ ಮಂದಿ ಹೇಳುವುದೂ ನಿಜ, ಹತ್ತಿರ ಹತ್ತಿರ ಅರ್ಧದಷ್ಟು ಬಿಲ್ ಎಲ್ಲೋ ಒಂದೆಡೆ ಸಿಕ್ಕಿಕೊಳ್ಳುವುದೂ ನಿಜ. ಈ ಲೆಕ್ಕ ಎಲ್ಲರೆದುರು ಬೋರ್ಡಿನ ಮೇಲೆ ಬಂದರೆ ಯಾರ ತಪ್ಪು ಎಂಬ ಜಗಳ ಅರ್ಧ ತಣ್ಣಗಾಗುತ್ತದೆ.

ಗೋಡೆಯ ಮೇಲೆ ಕೆಲಸ

ಉದ್ದನೆಯ ಕಾಗದವನ್ನು ಗೋಡೆಗೆ ಅಂಟಿಸಿ, ಆ ಕೆಲಸ ಮಾಡುವ ಆರರಿಂದ ಎಂಟು ಮಂದಿಯನ್ನು ಸೇರಿಸಿ, ಒಂದೂವರೆ ಗಂಟೆ ಕೊಡಿ. ಪ್ರತಿ ಹಂತವನ್ನು ಒಂದು ಅಂಟುಚೀಟಿಯ ಮೇಲೆ ಅವರೇ ಬರೆಯಲಿ. ಮೊದಲ ಅರ್ಧದಲ್ಲಿ ಮೇಲಧಿಕಾರಿ ಕೋಣೆಯಲ್ಲಿ ಇರಬಾರದು. ಇದ್ದರೆ ಕೈಪಿಡಿಯಲ್ಲಿರುವುದು ಗೋಡೆಗೆ ಬರುತ್ತದೆ, ನಡೆಯುವುದು ಬರುವುದಿಲ್ಲ. ‘ಇದಕ್ಕೆ ನೀವು ಖಾಸಗಿಯಾಗಿ ಏನಾದರೂ ಬರೆದಿಟ್ಟುಕೊಳ್ಳುತ್ತೀರಾ?’ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ. ಡ್ರಾಯರಿನ ನೋಟ್‌ಬುಕ್ಕು, ಸ್ವಂತ ಎಕ್ಸೆಲ್ ಹಾಳೆ, ‘ಇವರ ಬಿಲ್ಲಿಗೆ ಮೊದಲು ಫೋನ್ ಮಾಡಬೇಕು’ ಎಂಬ ಪಟ್ಟಿ ಆಗ ಹೊರಬರುತ್ತವೆ. ಅಧಿಕೃತ ಪದ್ಧತಿಯ ತೂತುಗಳನ್ನು ಮುಚ್ಚಲು ಜನ ಹಾಕಿಕೊಂಡ ತೇಪೆಗಳು ಅವು. ತೇಪೆ ಏಕೆ ಬೇಕಾಯಿತು ಎಂದು ತಿಳಿಯದೆ ಕಿತ್ತರೆ ಮೂರನೇ ದಿನಕ್ಕೆ ಕೆಲಸ ನಿಲ್ಲುತ್ತದೆ.

ಬಳಿಕ ಮೊದಲ ಬದಲಾವಣೆ ಆರಿಸಿ. ಅದು ಯಾವುದಾದರೂ ಒಂದನ್ನು ಕಳೆಯುವಂತಿರಲಿ: ಯಾರೂ ಓದದ ಒಂದು ರಿಜಿಸ್ಟರ್, ನೋಡದೆ ಹಾಕುವ ಎರಡನೇ ಸಹಿ, ಎರಡು ಕಡೆ ತುಂಬುವ ಒಂದೇ ಮಾಹಿತಿ. ಹೊಸ ಫಾರಂ ಒಂದನ್ನು ತರಲೇಬೇಕಾದರೆ ಅದೇ ದಿನ ಹಳೆಯದೊಂದನ್ನು ರದ್ದು ಮಾಡಿ. ಸುಧಾರಣೆ ಎಂದರೆ ಹೊರೆ ಎಂದು ಕಲಿತುಬಿಟ್ಟವರಿಗೆ ಇದಕ್ಕಿಂತ ಒಳ್ಳೆಯ ಭಾಷಣ ಇಲ್ಲ.

ಪ್ರಯೋಗ

ಒಂದು ತಂಡ, ಮೂರು ವಾರ, ಒಂದೇ ಬದಲಾವಣೆ. ಶುರುವಿಗೆ ಮೊದಲೇ ಒಂದು ಪುಟದಲ್ಲಿ ಬರೆದು ಅಂಟಿಸಬೇಕಾದದ್ದು: ಏನು ಬದಲಾಗುತ್ತದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ, ಯಾವ ಸಂಖ್ಯೆ ಎಷ್ಟಕ್ಕೆ ಬಂದರೆ ಮುಂದುವರಿಕೆ, ಯಾವುದಾದರೆ ಹಳೆಯದಕ್ಕೇ ವಾಪಸ್. ಕೊನೆಯ ಅಂಶವನ್ನು ಬಿಡಬೇಡಿ. ಹಿಂದಿರುಗುವ ದಾರಿ ಇದೆ ಎಂದು ಗೊತ್ತಾದರೆ ಜನ ಹೆಜ್ಜೆ ಇಡುತ್ತಾರೆ. ತರಬೇತಿ ಪ್ರಯೋಗದ ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ನಡೆಯಲಿ; ಎರಡು ವಾರ ಮೊದಲೇ ಕೊಟ್ಟರೆ ಉಳಿಯುವುದು ಹಾಜರಿ ಪಟ್ಟಿ ಮಾತ್ರ. ಮೊದಲ ವಾರ ವೇಗ ಕುಸಿಯುತ್ತದೆ. ಅದನ್ನು ಮೊದಲೇ ಹೇಳಿ, ಆ ಅವಧಿಯ ಗುರಿಯನ್ನು ಬರವಣಿಗೆಯಲ್ಲೇ ಇಳಿಸಿ. ಹಳೆಯ ಗುರಿಯನ್ನು ಹಾಗೆಯೇ ಇಟ್ಟು ಹೊಸದನ್ನು ಕಲಿ ಎಂದರೆ ಯಾರೂ ಕಲಿಯುವುದಿಲ್ಲ, ಹಳೆಯದನ್ನೇ ಬಚ್ಚಿಟ್ಟುಕೊಂಡು ಮಾಡುತ್ತಾರೆ.

ತಕರಾರಿನ ಬಗೆಗಳು

ತಕರಾರಿನ ವಿಷಯದಲ್ಲಿ ಈಗಲೂ ಮತ್ತೆ ಮತ್ತೆ ನೋಡಬೇಕಾದದ್ದು 1948ರಲ್ಲಿ ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಪ್ರಕಟಿಸಿದ ಅಧ್ಯಯನ. ಅಮೆರಿಕದ ವರ್ಜೀನಿಯಾದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುವವರು ಬಟ್ಟೆಯನ್ನು ಅರ್ಧ ಡಜನ್ನಿನಂತೆ ರಟ್ಟಿನ ಹಾಳೆಯ ಮೇಲೆ ಪೇರಿಸುತ್ತಿದ್ದರು. ಇನ್ನು ಮುಂದೆ ಪೆಟ್ಟಿಗೆಯಲ್ಲಿ ಪೇರಿಸಬೇಕಿತ್ತು. ಅಷ್ಟೇ. ಈ ಗುಂಪಿಗೆ ಬದಲಾವಣೆಯನ್ನು ವಿವರಿಸಿ, ಪ್ರಶ್ನೆಗೆ ಉತ್ತರಿಸಿ, ಕೆಲಸಕ್ಕೆ ಕಳಿಸಲಾಯಿತು. ಮೊದಲ 40 ದಿನಗಳಲ್ಲೇ 17% ಮಂದಿ ಕೆಲಸ ಬಿಟ್ಟರು, ಉತ್ಪಾದನೆ ಹಳೆಯ ಮಟ್ಟಕ್ಕೆ ಮರಳಲೇ ಇಲ್ಲ. ಬೇರೆ ಗುಂಪುಗಳಿಗೆ ಒಂದೇ ಥರ ಕಾಣುವ ಎರಡು ಉಡುಪು ತೋರಿಸಿ, ಒಂದರ ಬೆಲೆ ಇನ್ನೊಂದರ ಎರಡರಷ್ಟು, ಯಾವುದು ಅಗ್ಗ ಹೇಳಿ ಎಂದು ಕೇಳಲಾಯಿತು. ಯಾರಿಗೂ ಹೇಳಲಾಗಲಿಲ್ಲ. ವೆಚ್ಚ ಏಕೆ ಇಳಿಯಬೇಕು ಎಂಬುದು ಹಾಗೆ ಮನದಟ್ಟಾದ ಮೇಲೆ ಹೊಸ ಕೆಲಸದ ಕ್ರಮವನ್ನು ರೂಪಿಸುವುದರಲ್ಲಿ ಎಲ್ಲ ಸದಸ್ಯರೂ ಸೇರಿದ ಗುಂಪುಗಳು ಹಳೆಯ ಮಟ್ಟಕ್ಕಿಂತ ಸುಮಾರು 14% ಮೇಲೇರಿದವು, ಯಾರೂ ಬಿಟ್ಟುಹೋಗಲಿಲ್ಲ. ಕುತೂಹಲದ ಭಾಗ ಇದು: ಮೊದಲ ಗುಂಪಿನಲ್ಲಿ ಉಳಿದಿದ್ದವರನ್ನೇ ಎರಡೂವರೆ ತಿಂಗಳ ನಂತರ ಒಟ್ಟುಗೂಡಿಸಿ, ಹೊಸ ಕೆಲಸವೊಂದನ್ನು ಈ ಎರಡನೇ ರೀತಿಯಲ್ಲಿ ಕೊಟ್ಟಾಗ ಅವರೂ ಬೇಗನೆ ಚೇತರಿಸಿಕೊಂಡರು. ‘ಅವರ ಸ್ವಭಾವವೇ ಹಾಗೆ’ ಎಂಬ ವಾದಕ್ಕೆ ಅಲ್ಲಿ ಜಾಗ ಉಳಿಯಲಿಲ್ಲ.

ದಿನನಿತ್ಯ ಎದುರಾಗುವ ತಕರಾರುಗಳಲ್ಲಿ ‘ಇದರಿಂದ ಕೆಲಸ ಜಾಸ್ತಿಯಾಗುತ್ತೆ’ ಎಂಬುದು ಅತಿ ಸುಲಭದ್ದು. ವಾದಿಸಬೇಡಿ, ಪಕ್ಕದಲ್ಲಿ ಕೂತು ಹಳೆಯ ರೀತಿ ಹತ್ತು ಬಿಲ್, ಹೊಸ ರೀತಿ ಹತ್ತು ಬಿಲ್ ಗಡಿಯಾರ ಹಿಡಿದು ನೋಡಿ. ಜಾಸ್ತಿ ಬಂದರೆ ಅವರು ಹೇಳಿದ್ದೇ ಸರಿ, ಪದ್ಧತಿ ತಿದ್ದಿ. ‘ಹಿಂದೆಯೂ ಇಂಥದ್ದು ಬಂದು ಹೋಯಿತು’ ಎನ್ನುವವರಿಗೆ ಮಾತಿನ ಉತ್ತರ ಇಲ್ಲ. ಕೇಳಿದ ಒಂದು ಸಣ್ಣ ಬೇಡಿಕೆಯನ್ನು ಒಂದು ವಾರದೊಳಗೆ ಈಡೇರಿಸಿ. ‘ಸಮಯ ಉಳಿದರೆ ನಮ್ಮಲ್ಲಿ ಯಾರನ್ನು ತೆಗೀತೀರಿ?’ ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಎಲ್ಲರೂ ಕೇಳಿಕೊಳ್ಳುತ್ತಿರುತ್ತಾರೆ. ಈ ಸುಧಾರಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲ ಎಂದು ಹೇಳಬಹುದಾದರೆ ಮುಖ್ಯಸ್ಥರೇ ಬರೆದು ಸಹಿ ಹಾಕಿ ಕೊಡಲಿ. ಹಾಗೆ ಬರೆದುಕೊಡಲಾಗದಿದ್ದರೆ ಬಾಯಲ್ಲೂ ಹೇಳಬೇಡಿ.

ಇಪ್ಪತ್ತು ವರ್ಷದ ಅನುಭವಿಯ ತಕರಾರು ಬೇರೆ ಜಾತಿಯದು. ಕಗ್ಗಂಟು ಬಂದಾಗ ಎಲ್ಲರೂ ಅವರ ಮೇಜಿಗೆ ಹೋಗುತ್ತಿದ್ದರು. ಕಗ್ಗಂಟೇ ಇಲ್ಲವಾದರೆ ಅವರ ಮರ್ಯಾದೆಗೆ ಏನಾಗುತ್ತದೆ? ಹೊಸ ಪರಿಶೀಲನಾ ಪಟ್ಟಿಯನ್ನು ಅವರಿಂದಲೇ ಬರೆಸಿ, ಹೊಸಬರ ತರಬೇತಿ ಅವರ ಕೈಗೇ ಕೊಡಿ. ಪಟ್ಟಿ ಒಂಬತ್ತು ಸಾಲು ಮೀರಿದರೆ ಮಾತ್ರ ಪ್ರೀತಿಯಿಂದ ಕತ್ತರಿಸಿ, ಉದ್ದದ ಪಟ್ಟಿಗೆ ಜನ ಓದದೆ ಟಿಕ್ ಹಾಕುತ್ತಾರೆ.

ಎಲ್ಲರೂ ಮರೆಯುವುದು ನಡುವಿನ ಮೇಲ್ವಿಚಾರಕರನ್ನು. ಮೇಲಿನಿಂದ ಸುಧಾರಣೆಯ ಒತ್ತಡ, ಅದೇ ಹೊತ್ತಿಗೆ ದಿನದ ಗುರಿ; ಎರಡರಲ್ಲಿ ಒಂದನ್ನು ಬಿಡಬೇಕಾದರೆ ಅವರು ಸುಧಾರಣೆಯನ್ನೇ ಬಿಡುತ್ತಾರೆ. ಅವರನ್ನು ತಂಡಕ್ಕಿಂತ ಮೊದಲು, ಪ್ರತ್ಯೇಕವಾಗಿ ಕೂರಿಸಿ ಮಾತಾಡಿಸಿ. ಮತ್ತೆ, ಸಭೆಯಲ್ಲಿ ಯಾರೂ ಚಕಾರವೆತ್ತದೆ ‘ಆಯ್ತು ಸಾರ್, ಮಾಡೋಣ’ ಎಂದರೆ ಹಿಗ್ಗಬೇಡಿ. ಎಲ್ಲಕ್ಕಿಂತ ಗಟ್ಟಿ ಪ್ರತಿರೋಧ ಅದೇ.

ಸುರಕ್ಷತೆ, ಕಾನೂನಿನ ವಿಷಯಗಳಲ್ಲಿ ಮಾಡಬೇಕೋ ಬೇಡವೋ ಎಂದು ಅಭಿಪ್ರಾಯ ಕೇಳುವ ನಾಟಕ ಬೇಡ. ತೀರ್ಮಾನ ಆಗಿದ್ದರೆ ಆಗಿದೆ ಎಂದೇ ಹೇಳಿ, ಹೇಗೆ ಮಾಡುವುದು ಎಂಬುದನ್ನು ಮಾತ್ರ ಚರ್ಚೆಗಿಡಿ.

ಆಮೇಲೆ ಕೆಡುವುದು ಎಲ್ಲಿ

ಹಳೆಯದೂ ಹೊಸದೂ ಜೊತೆಜೊತೆಗೆ ಓಡುವುದು ಮೊದಲ ಕೇಡು. ‘ಸದ್ಯಕ್ಕೆ ಎರಡರಲ್ಲೂ ಬರೀರಿ’ ಎಂದರೆ ದುಪ್ಪಟ್ಟು ಕೆಲಸ. ಹಳೆಯ ರಿಜಿಸ್ಟರ್ ಮುಚ್ಚುವ ದಿನಾಂಕ ಮೊದಲೇ ಗೊತ್ತಿರಬೇಕು, ಆ ಸಂಜೆ ಅದು ಮೇಜಿನಿಂದ ಎದ್ದು ಹೋಗಬೇಕು. ಎರಡನೆಯದು, ಸಂಖ್ಯೆಯೇ ಗುರಿಯಾಗುವುದು. ‘ಐದು ದಿನದೊಳಗೆ ಪಾಸ್’ ಎಂದು ಬೋನಸ್ಸಿಗೆ ಕಟ್ಟಿದರೆ ನಾಲ್ಕನೇ ದಿನ ಬಿಲ್ ತಿರಸ್ಕೃತವಾಗಿ ಐದನೇ ದಿನ ಹೊಸ ಸಂಖ್ಯೆಯಲ್ಲಿ ಹುಟ್ಟುತ್ತದೆ. ಆದ್ದರಿಂದ ದಿನಗಳ ಪಕ್ಕದಲ್ಲೇ ವಾಪಸಾದ ಬಿಲ್‌ಗಳ ಸಂಖ್ಯೆಯನ್ನೂ ನೋಡುತ್ತಿರಿ.

ಪದ್ಧತಿಗೆ ಒಬ್ಬ ಹೊಣೆಗಾರರನ್ನು ನೇಮಿಸಿ, 30, 60, 90ನೇ ದಿನಕ್ಕೆ ಮತ್ತೆ ಹತ್ತು ಹತ್ತು ಬಿಲ್ಲಿಗೆ ಚೀಟಿ ಅಂಟಿಸಿ. ತೊಂಬತ್ತನೇ ದಿನ ಅಂಕಿಗಳ ಜೊತೆಗೆ, ಅವರಿಗೆ ಹೇಳಿ, ಒಪ್ಪಿಗೆ ಕೇಳಿ, ಡ್ರಾಯರುಗಳನ್ನೂ ನೋಡಿ. ಹಳೆಯ ನೋಟ್‌ಬುಕ್ಕು ಅಲ್ಲಿ ಮತ್ತೆ ಬಂದು ಕೂತಿದ್ದರೆ ಯಾರನ್ನೂ ಗದರದೆ, ಕೊನೆಯದಾಗಿ ಬರೆದ ಐದು ಸಾಲು ಓದಿ. ಹೊಸ ಪದ್ಧತಿಯಲ್ಲಿ ಯಾವ ಖಾನೆ ಕಡಿಮೆ ಬಿದ್ದಿದೆ ಎಂಬುದು ಅಲ್ಲೇ ಬರೆದಿರುತ್ತದೆ.